‘ನನ್ನ ಮಾಹಿತಿ ಮಾರಬೇಡಿ’: ಕ್ಯಾಲಿಫೋರ್ನಿಯಾದ ಒಂದು ಕಾನೂನು ನಡೆದುಬಂದ ದಾರಿ



ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿದ್ದಾರೆ ಎನ್ನುವ ಮನೆಗಳು ಇವತ್ತು ಬೆಂಗಳೂರು, ಮೈಸೂರಿನಲ್ಲಷ್ಟೇ ಅಲ್ಲ, ಶಿರಸಿಯಲ್ಲೂ ಇವೆ, ದಾವಣಗೆರೆಯಲ್ಲೂ ಇವೆ. ಆ ಮಕ್ಕಳ ಕೈಗೆ ಅಲ್ಲಿನ ರಾಜ್ಯ ಸರ್ಕಾರ ಒಂದು ಹಕ್ಕು ಕೊಟ್ಟಿದೆ. ತಾವು ಸಾಮಾನು ಕೊಂಡ ದೊಡ್ಡ ಮಳಿಗೆಗೆ, ಬಳಸುವ ಆಪ್‌ಗೆ, ಓಡಿಸುವ ಕಾರಿನ ಕಂಪನಿಗೆ ಬರೆದು, “ನನ್ನ ಬಗ್ಗೆ ನೀವು ಏನೇನು ಕೂಡಿಟ್ಟಿದ್ದೀರಿ, ತೋರಿಸಿ” ಎಂದು ಅವರು ಕೇಳಬಹುದು. “ಅಳಿಸಿಹಾಕಿ” ಎನ್ನಬಹುದು. “ಯಾರಿಗೂ ಮಾರಬೇಡಿ” ಎಂದೂ ಹೇಳಬಹುದು. ಇದಕ್ಕೆ ಅಮೆರಿಕದ ಪೌರತ್ವ ಬೇಕಿಲ್ಲ. ಆ ರಾಜ್ಯದಲ್ಲಿ ನೆಲೆಸಿದ್ದರೆ ಸಾಕು. ಬಾಣಂತನಕ್ಕೆಂದು ನಾಲ್ಕಾರು ತಿಂಗಳು ಹೋಗಿಬರುವ ಅಪ್ಪ ಅಮ್ಮಂದಿರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ತಾತ್ಕಾಲಿಕವಾಗಿ ಬಂದವರನ್ನು ಕಾನೂನು ನಿವಾಸಿಗಳೆಂದು ಎಣಿಸುವುದಿಲ್ಲ.

ಈ ಹಕ್ಕನ್ನು ಯಾವ ಸರ್ಕಾರವೂ ತಾನಾಗಿ ಮನಸ್ಸು ಮಾಡಿ ಕೊಟ್ಟದ್ದಲ್ಲ. ಅದು ಬಂದ ಬಗೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಅಮೆರಿಕದಲ್ಲಿ ಖಾಸಗಿತನದ ಚರ್ಚೆ ಹಳೆಯದು. 1890ರಲ್ಲೇ ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಹಾರ್ವರ್ಡ್‌ನ ಕಾನೂನು ಪತ್ರಿಕೆಯಲ್ಲಿ ಆ ಹಕ್ಕಿನ ಬಗ್ಗೆ ಬರೆದರು. ಆದರೆ ಅಲ್ಲಿನ ಸಂಸತ್ತು ಎಲ್ಲ ವ್ಯಾಪಾರಕ್ಕೂ ಅನ್ವಯಿಸುವ ಒಂದೇ ಕಾನೂನನ್ನು ಮಾಡಲಿಲ್ಲ. ಎಲ್ಲಿ ಪೆಟ್ಟು ಬಿತ್ತೋ ಅಲ್ಲಿಗಷ್ಟೇ ಮದ್ದು ಹಚ್ಚಿತು. 1970ರಲ್ಲಿ ಸಾಲದ ದಾಖಲೆಗಳಿಗೆ ಒಂದು ಕಾನೂನು, 1974ರಲ್ಲಿ ಕೇಂದ್ರ ಸರ್ಕಾರದ ಕಡತಗಳಿಗೆ ಇನ್ನೊಂದು. 1987ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಸೂಚಿತವಾಗಿದ್ದ ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರು ಬಾಡಿಗೆಗೆ ತಂದಿದ್ದ ವಿಡಿಯೋ ಕ್ಯಾಸೆಟ್‌ಗಳ ಪಟ್ಟಿಯನ್ನು ಪತ್ರಿಕೆಯೊಂದು ಪ್ರಕಟಿಸಿತು. ಮರುವರ್ಷವೇ ಕ್ಯಾಸೆಟ್ ಅಂಗಡಿಗಳಿಗೆಂದು ಬೇರೆ ಕಾನೂನು ಬಂತು. ಉಳಿದ ವ್ಯಾಪಾರವೆಲ್ಲ ರಾಜ್ಯಗಳ ಪಾಲಿಗೆ ಬಿದ್ದಿತು.

ಆ ರಾಜ್ಯಗಳಲ್ಲಿ ಮುಂದೆ ನಡೆದದ್ದು ಕ್ಯಾಲಿಫೋರ್ನಿಯಾ. 1972ರ ನವೆಂಬರಿನಲ್ಲಿ ಅಲ್ಲಿನ ಮತದಾರರು ತಮ್ಮ ರಾಜ್ಯ ಸಂವಿಧಾನದ ಮೊದಲ ವಿಧಿಗೇ ಖಾಸಗಿತನವನ್ನು ಸೇರಿಸಿದರು. ಕೇಂದ್ರ ಸಂವಿಧಾನದಲ್ಲಿ ಆ ಪದವೇ ಇಲ್ಲ ಎನ್ನುವುದನ್ನು ನೆನಪಿಡಿ. ಸರ್ಕಾರ ಮಾತ್ರವಲ್ಲ, ವ್ಯಾಪಾರಿಗಳೂ ಬೇಡದ ಮಾಹಿತಿ ಗುಡ್ಡೆ ಹಾಕಬಾರದು ಎಂಬುದೇ ಅದನ್ನು ಮಂಡಿಸಿದವರ ವಾದವಾಗಿತ್ತು. ಕಂಪ್ಯೂಟರ್ ಒಂದು ಕೋಣೆಯಷ್ಟು ದೊಡ್ಡದಿದ್ದ ಕಾಲದಲ್ಲಿ ಸಾಮಾನ್ಯ ಮತದಾರರು ತೋರಿದ ಈ ಮುಂದಾಲೋಚನೆಗೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ ಎಂದು ನನಗನ್ನಿಸುತ್ತದೆ.

ಮೂವತ್ತು ವರ್ಷಗಳ ನಂತರ, 2002ರ ಏಪ್ರಿಲ್‌ನಲ್ಲಿ, ಆ ರಾಜ್ಯ ಸರ್ಕಾರದ್ದೇ ಡೇಟಾ ಕೇಂದ್ರಕ್ಕೆ ಹ್ಯಾಕರ್‌ಗಳು ನುಗ್ಗಿದರು. ಸುಮಾರು 2,65,000 ಸರ್ಕಾರಿ ನೌಕರರ ಸಂಬಳದ ದಾಖಲೆಗಳು ಅಲ್ಲಿದ್ದವು. ನೌಕರರಿಗೆ ವಿಷಯ ಗೊತ್ತಾದದ್ದು ವಾರಗಳು ಕಳೆದ ಮೇಲೆ. ಆ ಸಿಟ್ಟಿನಲ್ಲಿ ಹುಟ್ಟಿದ್ದೇ ಮಾಹಿತಿ ಸೋರಿಕೆಯಾದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕು ಎಂಬ ಕಾನೂನು. 2003ರ ಜುಲೈ 1ರಂದು ಜಾರಿಗೆ ಬಂದ ಅದು ಅಮೆರಿಕದಲ್ಲೇ ಮೊದಲನೆಯದು. 2018ರ ಹೊತ್ತಿಗೆ ಐವತ್ತೂ ರಾಜ್ಯಗಳು ಅದೇ ದಾರಿ ಹಿಡಿದಿದ್ದವು. ಅದರ ಬೆನ್ನಿಗೇ, ಗ್ರಾಹಕರ ಮಾಹಿತಿ ಪಡೆಯುವ ವೆಬ್‌ಸೈಟ್‌ಗಳು ಖಾಸಗಿತನದ ನೀತಿಯನ್ನು ಬರೆದು ಪ್ರಕಟಿಸಬೇಕು ಎಂಬ ಕಾನೂನೂ ಬಂತು.

ಎರಡೂ ಒಳ್ಳೆಯವೇ. ಆದರೆ ಮೊದಲನೆಯದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಎರಡನೆಯದರಿಂದ ನಮಗೆ ಸಿಕ್ಕಿದ್ದು ಯಾರೂ ಓದದ, ಓದಿದರೂ ಅರ್ಥವಾಗದ ಉದ್ದುದ್ದ ಪುಟಗಳು. ಬೇಡ ಎನ್ನುವ ಅಧಿಕಾರವನ್ನು ಎರಡೂ ಕೊಡಲಿಲ್ಲ.

ಆ ಅಧಿಕಾರ ಬರಲು ಕಾರಣರಾದವರು ಕಾನೂನು ಪಂಡಿತರಲ್ಲ. ಅಲಸ್ಟೇರ್ ಮ್ಯಾಕ್‌ಟಗರ್ಟ್ ಎಂಬವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಡ ಕಟ್ಟಿ ಮಾರುವ ಉದ್ಯಮಿ. ಒಂದು ಪಾರ್ಟಿಯಲ್ಲಿ ಗೂಗಲ್‌ನ ಎಂಜಿನಿಯರೊಬ್ಬರನ್ನು ಅವರು ಮಾತಿಗೆಳೆದರು. ನಮ್ಮ ಬಗ್ಗೆ ನಿಮಗೆ ಗೊತ್ತಿರುವುದನ್ನು ನೆನೆದು ನಾವು ಚಿಂತಿಸಬೇಕೇ ಎಂದು ಕೇಳಿದರು. ನಮಗೆ ಎಷ್ಟು ಗೊತ್ತಿದೆ ಎಂದು ಜನರಿಗೆ ತಿಳಿದರೆ ಬೆಚ್ಚಿಬೀಳುತ್ತಾರೆ ಎಂಬರ್ಥದ ಉತ್ತರ ಬಂತು. ಅಷ್ಟೇ ಸಾಕಾಯಿತು. ರಿಕ್ ಆರ್ನಿ, ಮೇರಿ ಸ್ಟೋನ್ ರಾಸ್ ಎಂಬ ಇಬ್ಬರ ಜೊತೆ ಕೂಡಿ ಅವರು ಒಂದು ಮಸೂದೆ ಬರೆಯಲು ಕೂತರು.

ಅಲ್ಲಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ನಿಗದಿತ ಸಂಖ್ಯೆಯ ಮತದಾರರ ಸಹಿ ಸಂಗ್ರಹಿಸಿದರೆ, ಯಾವ ಮಸೂದೆಯನ್ನಾದರೂ ನೇರವಾಗಿ ಜನರ ಮತಕ್ಕೆ ಇಡಬಹುದು. ಹಾಗೆ ಗೆದ್ದ ಕಾನೂನನ್ನು ಮುಂದೆ ಶಾಸಕರು ತಿದ್ದುವುದು ಬಹಳ ಕಷ್ಟ. ಬೇಕಾಗಿದ್ದದ್ದು ಸುಮಾರು 3,66,000 ಸಹಿ. ಇವರು ಒಪ್ಪಿಸಿದ್ದು ಆರು ಲಕ್ಷಕ್ಕೂ ಹೆಚ್ಚು. ದೊಡ್ಡ ತಂತ್ರಜ್ಞಾನ ಮತ್ತು ದೂರಸಂಪರ್ಕ ಕಂಪನಿಗಳು ವಿರೋಧಿ ಪ್ರಚಾರಕ್ಕೆ ತಲಾ ಎರಡು ಲಕ್ಷ ಡಾಲರ್ ಸುರಿದವು. ಅಷ್ಟರಲ್ಲಿ, 2018ರ ಮಾರ್ಚ್‌ನಲ್ಲಿ, ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣ ಹೊರಬಿತ್ತು. ಫೇಸ್‌ಬುಕ್ ಬಳಕೆದಾರರ ಮಾಹಿತಿ ಅವರಿಗೆ ತಿಳಿಯದೆಯೇ ಚುನಾವಣಾ ಪ್ರಚಾರದ ಕಂಪನಿಯ ಕೈಸೇರಿದ್ದನ್ನು ಜಗತ್ತು ಕಂಡಿತು. ಮುಂದಿನ ತಿಂಗಳೇ ಫೇಸ್‌ಬುಕ್ ಆ ವಿರೋಧಿ ಕೂಟದಿಂದ ಹಿಂದೆ ಸರಿಯಿತು.

ಶಾಸಕರು ರಾಜಿಗೆ ಬಂದರು. ನೀವು ಮತದಾನದ ಅರ್ಜಿ ಹಿಂತೆಗೆದುಕೊಂಡರೆ ನಾವೇ ಕಾನೂನು ಮಾಡುತ್ತೇವೆ ಎಂಬುದು ಒಪ್ಪಂದ. ಅರ್ಜಿ ಹಿಂತೆಗೆಯಲು ಕೊನೆಯ ದಿನ 2018ರ ಜೂನ್ 28. ಮಸೂದೆಯನ್ನು ಒಂದೇ ವಾರದಲ್ಲಿ ಹೊಸೆದು ತಯಾರು ಮಾಡಿದರು. ಜೂನ್ 28ರಂದು ಎರಡೂ ಸದನಗಳಲ್ಲಿ ಒಂದೂ ವಿರೋಧ ಮತವಿಲ್ಲದೆ ಅದು ಅಂಗೀಕಾರವಾಯಿತು. ಅಂದೇ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ವರ್ಷಗಟ್ಟಲೆ ಆಗದ ಕೆಲಸ ಒಂದು ವಾರದಲ್ಲಿ ಆಗಲು ಕಾರಣ ಜನರ ಸಹಿಯ ಭಯವೊಂದೇ.

2020ರ ಜನವರಿ 1ರಂದು ಕ್ಯಾಲಿಫೋರ್ನಿಯಾ ಗ್ರಾಹಕ ಖಾಸಗಿತನ ಕಾಯ್ದೆ ಜಾರಿಗೆ ಬಂತು. ಮಾಹಿತಿ ಮಾರುವ ಕಂಪನಿಗಳು ‘ನನ್ನ ವೈಯಕ್ತಿಕ ಮಾಹಿತಿ ಮಾರಬೇಡಿ’ ಎಂಬ ಕೊಂಡಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಎದ್ದು ಕಾಣುವಂತೆ ಹಾಕಬೇಕಾಯಿತು. ತೋರಿಸಿ, ಅಳಿಸಿ ಎಂಬ ಕೋರಿಕೆಗಳಿಗೆ ಸಾಮಾನ್ಯವಾಗಿ 45 ದಿನಗಳ ಗಡುವು. ಹಕ್ಕು ಚಲಾಯಿಸಿದ ಗ್ರಾಹಕನಿಗೆ ಸೇವೆ ನಿರಾಕರಿಸುವಂತಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮ್ಯಾಕ್‌ಟಗರ್ಟ್ ಹೊಸ ಮಸೂದೆ ಹಿಡಿದು ಮತ್ತೆ ಜನರ ಮುಂದೆ ಹೋದರು. ಸುಮಾರು ಶೇ 56ರಷ್ಟು ಮತದಾರರು ಒಪ್ಪಿದರು. ತಪ್ಪು ಮಾಹಿತಿ ತಿದ್ದಿಸುವ ಹಕ್ಕು, ಆರೋಗ್ಯ, ಧರ್ಮ, ಇರುವ ಜಾಗದಂಥ ಸೂಕ್ಷ್ಮ ವಿವರಗಳ ಬಳಕೆಗೆ ಮಿತಿ ಹಾಕುವ ಹಕ್ಕು ಸೇರಿದವು. ಕಾವಲಿಗೆಂದೇ ಪ್ರತ್ಯೇಕ ಸಂಸ್ಥೆ ಹುಟ್ಟಿತು. 2023ರಿಂದ ನೌಕರರಿಗೂ ಉದ್ಯೋಗಾಕಾಂಕ್ಷಿಗಳಿಗೂ ತಮ್ಮ ಕಂಪನಿಯನ್ನು ಇದೇ ರೀತಿ ಕೇಳುವ ಹಕ್ಕಿದೆ. ಅಲ್ಲಿನ ನಮ್ಮ ಎಂಜಿನಿಯರುಗಳು ಇದನ್ನು ತಿಳಿದಿರಬೇಕು.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಕಂಪನಿಗಳು ಸುಲಭವಾಗಿ ಬಗ್ಗಲಿಲ್ಲ. ಸೆಫೋರಾ ಎಂಬ ಸೌಂದರ್ಯವರ್ಧಕಗಳ ಕಂಪನಿ ಗ್ರಾಹಕರ ಆನ್‌ಲೈನ್ ಓಡಾಟದ ಜಾಡನ್ನು ಬೇರೆ ಕಂಪನಿಗಳಿಗೆ ಕೊಟ್ಟು, ಬದಲಿಗೆ ಸೇವೆ ಪಡೆಯುತ್ತಿತ್ತು. ದುಡ್ಡು ಕೈಬದಲಾಗದಿದ್ದರೂ ಇದು ಮಾರಾಟವೇ ಎಂದು ರಾಜ್ಯದ ಅಟಾರ್ನಿ ಜನರಲ್ ವಾದಿಸಿದರು. ಬೇಡವೆಂದು ಬ್ರೌಸರ್ ಮೂಲಕ ಗ್ರಾಹಕರು ಕಳಿಸಿದ ಸೂಚನೆಯನ್ನೂ ಕಂಪನಿ ಕಡೆಗಣಿಸಿತ್ತೆಂಬುದು ಇನ್ನೊಂದು ಆರೋಪ. 2022ರಲ್ಲಿ ಅದು 12 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಮಾರಬೇಡಿ ಎಂದವರಿಂದಲೇ ಅಗತ್ಯಕ್ಕಿಂತ ಹೆಚ್ಚು ವಿವರ ಕೇಳಿದ್ದಕ್ಕೆ ಹೋಂಡಾ ಕಂಪನಿಗೆ 2025ರಲ್ಲಿ 6,32,500 ಡಾಲರ್ ದಂಡ ಬಿತ್ತು. ಮಾಹಿತಿ ಮಾರಿದ್ದಕ್ಕಾಗಿ ಗ್ರಾಹಕ ತಾನೇ ಕೋರ್ಟಿಗೆ ಹೋಗುವಂತಿಲ್ಲ, ಸೋರಿಕೆಯಾದಾಗ ಮಾತ್ರ ಆ ಅವಕಾಶ. ಇದು ಈ ಕಾಯ್ದೆಯ ದೊಡ್ಡ ಕೊರತೆ. ಇಲಿನಾಯ್ ರಾಜ್ಯದ 2008ರ ಕಾನೂನು ನೋಡಿ. ಬೆರಳಚ್ಚು, ಮುಖಚಹರೆಗಳನ್ನು ಒಪ್ಪಿಗೆಯಿಲ್ಲದೆ ಪಡೆದರೆ ಜನರೇ ದಾವೆ ಹೂಡಬಹುದು. ಅಲ್ಲಿನ ಮೊಕದ್ದಮೆಯೊಂದರಲ್ಲಿ ಫೇಸ್‌ಬುಕ್ 65 ಕೋಟಿ ಡಾಲರ್ ಕಟ್ಟಿತು.

ಇನ್ನೊಂದು ತೊಡಕು ಕೇಳುವ ಶ್ರಮದ್ದು. ನಾವು ಹೆಸರೇ ಕೇಳದ, ನಮ್ಮ ವಿವರ ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡ ಡೇಟಾ ಬ್ರೋಕರ್‌ಗಳು ನೂರಾರು. ಒಬ್ಬೊಬ್ಬರಿಗೂ ಅರ್ಜಿ ಬರೆಯಲು ಯಾರಿಂದಾದೀತು? ಇದಕ್ಕೆ 2023ರ ಅಳಿಸುವಿಕೆ ಕಾಯ್ದೆ ಉತ್ತರ ಕೊಟ್ಟಿತು. ಅದರ ಪ್ರಕಾರ 2026ರ ಜನವರಿಯಿಂದ ಸರ್ಕಾರಿ ವೆಬ್‌ಸೈಟಿನಲ್ಲಿ ಒಂದೇ ಅರ್ಜಿ ಹಾಕಿದರೆ, ನೋಂದಾಯಿತ ಬ್ರೋಕರ್‌ಗಳೆಲ್ಲರಿಗೂ ಅದು ಅನ್ವಯ. ಅವರು ಅಳಿಸಲು ಆರಂಭಿಸಬೇಕಾದದ್ದು ಅದೇ ವರ್ಷದ ಆಗಸ್ಟ್‌ನಿಂದ. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಹೆಜ್ಜೆ ಇದು. ಕೇಳುವ ಭಾರ ಇಳಿದಾಗಲೇ ಹಕ್ಕು ಎಲ್ಲರದ್ದಾಗುತ್ತದೆ.

ವರ್ಜೀನಿಯಾ, ಕೊಲರಾಡೊ, ಟೆಕ್ಸಾಸ್ ಸೇರಿ ಸುಮಾರು 20 ರಾಜ್ಯಗಳಲ್ಲಿ ಇಂಥ ಕಾನೂನುಗಳು ಬಂದಿವೆ. ಕೆಲವು ಬಿಗಿ, ಕೆಲವು ಸಡಿಲ.

ನಮ್ಮ ದೇಶದಲ್ಲಿ ಈ ಹೋರಾಟಕ್ಕೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಆಗ ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಮಾಡಿತು. ಮಾಹಿತಿ ತಿದ್ದಿಸುವ, ಅಳಿಸುವಂತೆ ಕೋರುವ ಹಕ್ಕುಗಳು ಅದರಲ್ಲಿವೆ. ಆದರೆ ಎಲ್ಲ ಬ್ರೋಕರ್‌ಗಳಿಗೂ ಒಂದೇ ಅರ್ಜಿ ಸಾಕೆನ್ನುವ ಕ್ಯಾಲಿಫೋರ್ನಿಯಾದಂಥ ವ್ಯವಸ್ಥೆ ಅದರಲ್ಲಿಲ್ಲ. ಅದನ್ನು ನಮ್ಮ ಸಂಸದರಿಂದ ನಾವು ಕೇಳಿ ಪಡೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವವರು ಮುಂದಿನ ಸಲ ಫೋನ್ ಮಾಡಿದಾಗ, ಆ ಅರ್ಜಿ ಹಾಕಿದಿರಾ ಎಂದು ದಯವಿಟ್ಟು ವಿಚಾರಿಸಿ.