ಬಾದಾಮಿಯ ಮಾಸ್ತರು, ತೆಲಿಗಿಯ ಮಕ್ಕಳು



ತೆಲಿಗಿಯ ಮಕ್ಕಳ ಚಿತ್ರಪ್ರದರ್ಶನ ಉದ್ಘಾಟಿಸುವಾಗ ನಾನು ನೆನೆಯಬೇಕಾದವರು ಕಲಾವಿದ ಆರ್.ಎಂ. ಹಡಪದ ಮಾಸ್ತರು. ಅವರು 1936ರಲ್ಲಿ ಹುಟ್ಟಿದ್ದು ಬಾದಾಮಿಯಲ್ಲಿ. ಚಾಲುಕ್ಯರ ಮಂಗಲೇಶ 578ರಲ್ಲಿ ಕೊರೆಸಿದ ಮೂರನೆಯ ಗುಹೆಯಲ್ಲಿ ವರ್ಣಚಿತ್ರದ ತುಣುಕುಗಳು ಇನ್ನೂ ಉಳಿದಿರುವ ಊರು ಅದು. ಅಂಥ ಊರಿನ ಹುಡುಗ ಬಣ್ಣ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿಗೆ ಹೋಗಿ ಇತರರ ಮಕ್ಕಳಿಗಾಗಿ ಒಂದು ಶಾಲೆ ಕಟ್ಟಿದರಲ್ಲ, ಅದು ದೊಡ್ಡದು.

ಹಿಂದೆ ಹೊಸ ಚಿತ್ರಕಲೆ ಕಲಿಯಲು ನಮ್ಮವರಲ್ಲಿ ಕೆಲವರು ದೂರದ ಊರಿಗೆ ಹೋಗುತ್ತಿದ್ದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬೈಗೆ ಹೋಗಿ ಕಲಿತರು. 1960ರ ದಶಕದ ಕೊನೆಗೆ ಹಡಪದರು ಕೆನ್ ಕಲಾಶಾಲೆ ತೆರೆದ ಮೇಲೆ ಕನ್ನಡದ ಹುಡುಗ ಹುಡುಗಿಯರಿಗೆ ಬೆಂಗಳೂರಿನಲ್ಲೇ ಒಂದು ಬಾಗಿಲು ಸಿಕ್ಕಿತು. ಅವರು ತೀರಿಕೊಂಡದ್ದು 2003ರಲ್ಲಿ. ಸ್ವತಃ ಒಳ್ಳೆಯ ಕಲಾವಿದರಾದರೂ, ಇಂದಿಗೂ ಅವರ ಹೆಸರು ಬಂದರೆ ಜನ ಮೊದಲು ಹೇಳುವುದು ‘ಮೇಷ್ಟ್ರು’ ಎಂದೇ.

ಮೇಷ್ಟರನ್ನು ಅಳೆಯಬೇಕಾದದ್ದು ಶಿಷ್ಯರಿಂದ. ಜೆ.ಎಂ.ಎಸ್. ಮಣಿ ಕೆನ್ ಶಾಲೆಯಲ್ಲಿ ಕಲಿತರು, ಮುಂದೆ ಅಲ್ಲಿಯೇ ಪ್ರಾಂಶುಪಾಲರಾದರು. ಗುರುವಿನ ಊರಾದ ಬಾದಾಮಿಯ ಸಾಮಾನ್ಯ ಜನರನ್ನು ಗಾಢ ಬಣ್ಣಗಳಲ್ಲಿ ಬರೆದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರೂ ಕೆನ್ ಶಾಲೆಯಲ್ಲಿ ಕಲಿತವರೇ. ಅವರು ಹಿಡಿದ ದಾರಿಯೇ ಬೇರೆ. ಸಗಣಿಯಿಂದ ಕಲಾಕೃತಿ ಮಾಡಿದರು. ನೂರಾರು ಸೂಜಿಗಳಿಗೆ ದಾರ ಪೋಣಿಸಿ, ಆ ದಾರಕ್ಕೆ ಕುಂಕುಮ ಬಳಿದು ಉದ್ದನೆಯ ಕೆಂಪು ಹಗ್ಗದಂತೆ ಇಳಿಬಿಟ್ಟರು. 2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ಕಲಾಮೇಳದಲ್ಲೂ ಅವರ ಕೆಲಸ ಪ್ರದರ್ಶನಗೊಂಡಿತು. ತಾಯಂದಿರೇ, ಸಗಣಿ, ಕುಂಕುಮ, ಸೂಜಿ, ದಾರ ಇವುಗಳಲ್ಲಿ ಯಾವುದು ನಿಮ್ಮ ಮನೆಯಲ್ಲಿಲ್ಲ?

ಇಬ್ಬರೂ ಒಂದೇ ಶಾಲೆಯವರು, ಒಬ್ಬರ ಕೆಲಸ ಇನ್ನೊಬ್ಬರದನ್ನು ಹೋಲುವುದಿಲ್ಲ. ತನ್ನಂತೆಯೇ ಬರೆಯುವವರನ್ನು ತಯಾರು ಮಾಡುವುದು ಸುಲಭ. ಹಾಗೆ ಮಾಡದೆ ಬಿಟ್ಟದ್ದೇ ಹಡಪದರ ಹಿರಿಮೆ ಎಂದು ನಾನು ನಂಬಿದ್ದೇನೆ.

ಆದ್ದರಿಂದ ಇಲ್ಲಿನ ಮಾಸ್ತರರಲ್ಲಿ ಒಂದು ಮಾತು. ಈ ಗೋಡೆಯ ಮೇಲೊಂದು ನೀಲಿ ಎತ್ತು ಇದೆ. ಎತ್ತು ನೀಲಿ ಇರುತ್ತದೇನೋ ಎಂದು ಆ ಮಗುವನ್ನು ಗದರಿಸಬೇಡಿ. ಯಾಕೆ ನೀಲಿ ಎಂದು ಕೇಳಿ, ಅದು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಊರವರಲ್ಲಿ ಇನ್ನೊಂದು ಬೇಡಿಕೆ. ಗಣಿತದ ಮಾಸ್ತರರಿಲ್ಲದಿದ್ದರೆ ನಾವು ಅರ್ಜಿ ಹಿಡಿದು ಹರಪನಹಳ್ಳಿಗೆ ಓಡುತ್ತೇವೆ. ಡ್ರಾಯಿಂಗ್ ಮಾಸ್ತರರಿಲ್ಲದಿದ್ದರೆ ಯಾರೂ ಏಳುವುದಿಲ್ಲ. ಅದಕ್ಕೂ ಅರ್ಜಿ ಬರೆಯಿರಿ. ಹುದ್ದೆ ತುಂಬುವ ತನಕ ಶಾಲೆಯ ಒಂದು ಕೋಣೆಯನ್ನು ವಾರಕ್ಕೊಂದು ಮಧ್ಯಾಹ್ನ ಚಿತ್ರಕ್ಕೆಂದು ಬಿಟ್ಟುಕೊಡಿ. ಜಾತ್ರೆಗೆ ಎತ್ತುವ ಪಟ್ಟಿಯಲ್ಲಿ ಒಂದು ಪಾಲನ್ನು ಡ್ರಾಯಿಂಗ್ ಹಾಳೆ, ಬಣ್ಣ, ಕುಂಚಗಳಿಗೆ ಎತ್ತಿಡಿ.

ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಎಲ್ಲರೂ ಒಳಗೆ ಬಂದು, ಒಂದೊಂದು ಚಿತ್ರದ ಮುಂದೆಯೂ ನಿಂತು ನೋಡಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.