ಶಾಲಾ ಕಟ್ಟಡದ ಕರಾರು: ಹೆತ್ತವರು ತಿಳಿದಿರಬೇಕಾದ ಕೆಲವು ಸಂಗತಿಗಳು
(ಹೆತ್ತವರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕನ್ನಡ ಮಾಧ್ಯಮದ ಹಕ್ಕುಗಳೆಂದರೆ ನಾವು ಅಧ್ಯಾಪಕರ ನೇಮಕ, ಪಠ್ಯಪುಸ್ತಕ, ಪ್ರಶ್ನೆಪತ್ರಿಕೆಗಳ ವಿಚಾರವನ್ನೇ ಮಾತನಾಡುತ್ತೇವೆ. ಇಂದು ನಾನು ಸಿಮೆಂಟು, ಕಬ್ಬಿಣದ ವಿಚಾರ ಹೇಳುತ್ತೇನೆ. ಶಾಲೆಗೆ ಎರಡು ಕೊಠಡಿ ಮಂಜೂರಾಗಿ, ಗೋಡೆ ಏಳುವ ಹೊತ್ತಿಗೆ ಗುತ್ತಿಗೆದಾರರಿಗೂ ಕಟ್ಟಿಸುವವರಿಗೂ ತಕರಾರು ಹುಟ್ಟಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ವ್ಯಾಜ್ಯಕ್ಕೆ ವಯಸ್ಸಿಲ್ಲ, ಮಗು ಪ್ರಾಥಮಿಕ ಶಾಲೆಯಲ್ಲಿರುವುದು ನಾಲ್ಕೈದು ವರ್ಷ ಮಾತ್ರ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದಾಗ ಮಗುವನ್ನು ಬಿಡಿಸಿ ಇಂಗ್ಲಿಷ್ ಶಾಲೆಗೆ ಸೇರಿಸುವ ಹೆತ್ತವರನ್ನು ದೂರುವುದು ಹೇಗೆ? ಇನ್ನು ಕೆಲಸ ಕಳಪೆಯಾದರೆ ಅಥವಾ ದುರಸ್ತಿ ನಿಂತರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು.

ಕಟ್ಟಡದ ತಕರಾರು ನ್ಯಾಯಾಲಯಕ್ಕೆ ಹೋದ ಮೇಲೆ ಗೆಲ್ಲುವುದೂ ಸೋಲುವುದೂ ಕೆಲಸ ನಡೆಯುತ್ತಿದ್ದಾಗ ಬರೆದಿಟ್ಟ ಕಾಗದಗಳಿಂದಲೇ. ಅಡಿಪಾಯದ ಆಳ, ತಾರಸಿಯೊಳಗಿನ ಕಬ್ಬಿಣ, ಇವೆರಡೂ ಮುಚ್ಚಿಹೋಗುವ ಕೆಲಸಗಳು. ಕಾಂಕ್ರೀಟು ಸುರಿದ ಮೇಲೆ ಕಂಬಿ ಎಷ್ಟು ದಪ್ಪದ್ದು, ಎಷ್ಟು ಅಂತರದಲ್ಲಿತ್ತು ಎಂದು ಯಾರು ಹೇಳಬೇಕು? ಆದ್ದರಿಂದ ಸುರಿಯುವ ಮುನ್ನವೇ ಇಂಜಿನಿಯರರು ನೋಡಿ, ಅಳತೆ ಪುಸ್ತಕದಲ್ಲಿ ಬರೆದು, ಎರಡೂ ಕಡೆಯವರು ಸಹಿ ಹಾಕಬೇಕು. ತಾರೀಕು ಸಹಿತ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಶಂಕುಸ್ಥಾಪನೆಯ ಫೋಟೋ ನೂರು ಇರುತ್ತವೆ, ಕಂಬಿಯದು ಒಂದೂ ಇರುವುದಿಲ್ಲ.

ಎರಡನೆಯದು ಹೆಚ್ಚುವರಿ ಕೆಲಸ. "ಹೇಗೂ ಜಲ್ಲಿ, ಮರಳು ಬಂದಿದೆ, ಒಂದು ಜಗಲಿಯನ್ನೂ ಕಟ್ಟಿಬಿಡಿ" ಎಂದು ಸಮಿತಿಯವರೊಬ್ಬರು ಬಾಯಿಮಾತಿನಲ್ಲಿ ಹೇಳುತ್ತಾರೆ. ಬಿಲ್ಲು ಬಂದಾಗ "ಲಿಖಿತ ಆದೇಶ ಎಲ್ಲಿದೆ?" ಎನ್ನುತ್ತಾರೆ. ಕಾನೂನು ಈ ಜಾಣತನವನ್ನು ಒಪ್ಪುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 70ನೇ ಕಲಮಿನ ಪ್ರಕಾರ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ನ್ಯಾಯಬದ್ಧವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಇನ್ನೊಬ್ಬರು ಪಡೆದಿದ್ದರೆ ಪರಿಹಾರ ಕೊಡಲೇಬೇಕು. ಬಂಗಾಳದ ನಾಗರಿಕ ಪೂರೈಕೆ ಇಲಾಖೆಗೆ ಬಿ. ಕೆ. ಮಂಡಲ್ ಅಂಡ್ ಸನ್ಸ್ ಎಂಬ ಗುತ್ತಿಗೆದಾರರು ಕಚ್ಚಾ ರಸ್ತೆ, ಕಾವಲುಗಾರರ ಕೋಣೆ ಮುಂತಾದವನ್ನು ಮಾಡಿಕೊಟ್ಟಿದ್ದರು. ಕ್ರಮಬದ್ಧ ಕರಾರು ಇಲ್ಲವೆಂದು ಸರಕಾರ ಹಣ ನಿರಾಕರಿಸಿತು. 1961ರಲ್ಲಿ ಸುಪ್ರೀಂ ಕೋರ್ಟು ಇದೇ 70ನೇ ಕಲಮಿನಡಿ ಗುತ್ತಿಗೆದಾರರ ಪರವಾಗಿ ತೀರ್ಪು ಕೊಟ್ಟಿತು. ಹಾಗೆಂದು ಗುತ್ತಿಗೆ ಹಿಡಿಯುವವರೂ ಬಾಯಿಮಾತನ್ನು ನಂಬಿ ಕೂರಬಾರದು. ನಿಮ್ಮಲ್ಲೂ ಮೇಸ್ತ್ರಿಗಳಿದ್ದೀರಿ, ಚಿಕ್ಕ ಗುತ್ತಿಗೆ ಮಾಡುವವರಿದ್ದೀರಿ. 1961ರ ಆ ತೀರ್ಪು ಬರುವ ಹೊತ್ತಿಗೆ ಕೆಲಸ ಮುಗಿದು ಹದಿನೈದು ವರ್ಷಕ್ಕೂ ಮೇಲಾಗಿತ್ತು.

ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಜೂನ್ ಒಂದಕ್ಕೆ ಕೊಡಬೇಕಾದ ಕಟ್ಟಡವನ್ನು ಡಿಸೆಂಬರಿನಲ್ಲಿ ಕೊಡುತ್ತಾರೆ. ಸಂತೋಷದಿಂದ ಬೀಗದ ಕೈ ತೆಗೆದುಕೊಂಡು, ಸಿಹಿ ಹಂಚಿ, ಆಮೇಲೆ ವಿಳಂಬದ ನಷ್ಟ ಕೇಳಲು ಹೊರಡುತ್ತೀರಿ. ಅವಧಿಯೇ ಮುಖ್ಯವೆಂದು ಒಪ್ಪಿಕೊಂಡ ಕರಾರಿನಲ್ಲಿ, ತಡವಾದ ಕೆಲಸವನ್ನು ಸ್ವೀಕರಿಸುವಾಗಲೇ "ನಷ್ಟ ಕೇಳುವ ಹಕ್ಕನ್ನು ಉಳಿಸಿಕೊಂಡು ಸ್ವೀಕರಿಸುತ್ತಿದ್ದೇವೆ" ಎಂದು ತಿಳಿಸದಿದ್ದರೆ 55ನೇ ಕಲಮಿನಂತೆ ಆ ಹಕ್ಕು ಹೋಗುತ್ತದೆ. ಎರಡು ಸಾಲಿನ ಪತ್ರ ಸಾಕು. ಅದನ್ನು ಅದೇ ದಿನ ಕೊಟ್ಟು ಪ್ರತಿಗೆ ಸಹಿ ಪಡೆಯಿರಿ. ಹಾಗೆಯೇ ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಬೇಕೆಂಬ ಅವಧಿ ಕನಿಷ್ಠ ಒಂದು ಪೂರ್ತಿ ಮಳೆಗಾಲವನ್ನು ದಾಟುವಂತಿರಲಿ, ಅಲ್ಲಿಯವರೆಗೆ ಸ್ವಲ್ಪ ಹಣ ಕೈಯಲ್ಲಿ ಉಳಿದಿರಲಿ. ಬೇಸಿಗೆಯಲ್ಲಿ ಯಾವ ತಾರಸಿಯೂ ಸೋರುವುದಿಲ್ಲ.

ಕರಾರಿನ ಕೊನೆಯ ಪುಟದಲ್ಲಿ ಮಧ್ಯಸ್ಥಗಾರರ ಷರತ್ತು ಅಡಗಿರುತ್ತದೆ. ಅದಿದ್ದರೆ ನೇರವಾಗಿ ಸಿವಿಲ್ ಕೋರ್ಟಿಗೆ ಹೋದರೂ ಎದುರಾಳಿ ಸಕಾಲದಲ್ಲಿ ಕೇಳಿಕೊಂಡಲ್ಲಿ ಸಾಮಾನ್ಯವಾಗಿ ಮಧ್ಯಸ್ಥಿಕೆಗೇ ಕಳುಹಿಸುತ್ತಾರೆ. ಏಕೈಕ ಮಧ್ಯಸ್ಥಗಾರರನ್ನು ಒಂದೇ ಪಕ್ಷ ನೇಮಿಸುವ ಷರತ್ತು ಸರಕಾರದೊಂದಿಗಿನ ಕರಾರುಗಳಲ್ಲಿ ಸಮಾನತೆಗೆ ವಿರುದ್ಧವೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ.

ಈಗ ಭಾಷೆಯ ಪ್ರಶ್ನೆ. ಮಲಯಾಳದಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುವ ಕರಾರಿಗೆ ಸಹಿ ಹಾಕಿದ ಮೇಲೆ "ನನಗೆ ಓದಲು ಬರುತ್ತಿರಲಿಲ್ಲ" ಎಂಬ ಮಾತು ಸಾಮಾನ್ಯವಾಗಿ ನಡೆಯುವುದಿಲ್ಲ. ಕನ್ನಡ ಅನುವಾದ ಓದಿಸಿಕೊಂಡ ಮೇಲೆಯೇ ಸಹಿ ಹಾಕಿ. ಖಾಸಗಿ ಗುತ್ತಿಗೆದಾರರನ್ನು ಕನ್ನಡದಲ್ಲೇ ಬರೆಯಿರೆಂದು ಕಾನೂನು ಒತ್ತಾಯಿಸದು. ಆದರೆ ಸರಕಾರಿ ಕಚೇರಿಯ ಮಾತು ಬೇರೆ. ಸಂವಿಧಾನದ 350ನೇ ವಿಧಿಯು ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಕೊಟ್ಟಿದೆ. ಜತ್ತ, ಹೊಸೂರು, ಮಡಕಶಿರಾದವರಿಗೂ ಇದು ಅನ್ವಯ. ಕೇರಳದ 1969ರ ಅಧಿಕೃತ ಭಾಷಾ ಅಧಿನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡದಲ್ಲಿ ಬರೆದವರಿಗೆ ಉತ್ತರವೂ ಕನ್ನಡದಲ್ಲೇ ಬರಬೇಕೆನ್ನುತ್ತದೆ.

ಸರಕಾರಿ ಹಣದ ಕಟ್ಟಡವಾದರೆ 2005ರ ಮಾಹಿತಿ ಹಕ್ಕು ಅಧಿನಿಯಮವೂ ನಿಮ್ಮದೇ. ಕಡತದ ನಕಲಷ್ಟೇ ಅಲ್ಲ, ಕಾಮಗಾರಿಯನ್ನು ಸ್ವತಃ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಅದರ 2ನೇ ಕಲಮು ಹೇಳುತ್ತದೆ. ಆ ಅರ್ಜಿ ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಕನ್ನಡದ ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿದರೆ ಹಿಂದಿರುಗಿಸಲು ನೆಪ ಸಿಗದು. ಸರಕಾರಿ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕೆಂದು 2009ರ ಶಿಕ್ಷಣ ಹಕ್ಕು ಅಧಿನಿಯಮ ವಿಧಿಸಿದೆ, ಅನುದಾನದ ಬಳಕೆಯನ್ನು ನೋಡುವುದು ಆ ಸಮಿತಿಯ ಕೆಲಸ. ಅನುದಾನಿತ ಶಾಲೆಗಳಲ್ಲಿ 2012ರ ತಿದ್ದುಪಡಿಯ ಬಳಿಕ ಸಮಿತಿಗೆ ಸಲಹೆ ಕೊಡುವ ಅಧಿಕಾರ ಮಾತ್ರ. ಸಲಹೆಯನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿಸಿ.

ಕರಾರು ಮುರಿದುದಕ್ಕೆ ಪರಿಹಾರ ಕೇಳುವ ದಾವೆಗೆ, ಮುರಿದ ದಿನದಿಂದ ಮೂರು ವರ್ಷದ ಕಾಲಮಿತಿ. ಪತ್ರ ಬರೆಯುತ್ತಾ ಕೂತ ಮಾತ್ರಕ್ಕೆ ಅದು ಬೆಳೆಯುವುದಿಲ್ಲ. ನಿಮ್ಮ ಶಾಲೆಯಲ್ಲಿ ಅರ್ಧಕ್ಕೆ ನಿಂತ ಕಟ್ಟಡವಿದ್ದರೆ, ಕೆಲಸ ನಿಂತ ತಾರೀಕನ್ನು ಮೊದಲು ಹುಡುಕಿ, ಈ ವಾರವೇ ಒಬ್ಬ ವಕೀಲರಿಗೆ ತೋರಿಸಿ.