ಹಳೆಯ ಜೀಪಿನ ಮುಂಭಾಗವನ್ನು ತಗ್ಗಿಸಬೇಕೆ?
(ಕಾಫಿ ಬೆಳೆಗಾರರ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಕೊಡಗಿನ ತೋಟಗಳಲ್ಲಿ ಎತ್ತಿನ ಗಾಡಿಯ ಕೆಲಸವನ್ನು ಜೀಪು ವಹಿಸಿಕೊಂಡು ಬಹಳ ಕಾಲವಾಯಿತು. 1947ರಲ್ಲಿ ಮಹೀಂದ್ರ ಸಂಸ್ಥೆಯವರು ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಅನಂತರದ ವರ್ಷಗಳಲ್ಲಿ ಸೋಮವಾರಪೇಟೆಯಿಂದ ಕುಟ್ಟದವರೆಗೆ ಗೊಬ್ಬರ, ಸುಣ್ಣ, ಸಸಿ, ಕೂಲಿಯಾಳು, ಕಾಫಿ ಚೀಲ ಎಲ್ಲವನ್ನೂ ಈ ವಾಹನವೇ ಹೊತ್ತಿದೆ. ಸಿಜೆ 3ಬಿ, ಎಂಎಂ 540 ಮಾದರಿಗಳು ಇಂದಿಗೂ ಅನೇಕ ಕೊಟ್ಟಿಗೆಗಳಲ್ಲಿವೆ. ಹಿಂಭಾಗವನ್ನು ತೆರೆದು ಪಿಕಪ್ಪಿನಂತೆ ಮಾಡಿಕೊಂಡವೂ ಉಂಟು.

ಅಜ್ಜನ ಕಾಲದ ಜೀಪಿಗೆ ಬಣ್ಣ ಹೊಡೆಸುವ ತರುಣರು ಈಗ ಗ್ಯಾರೇಜಿನಲ್ಲಿ ಮುಂಭಾಗವನ್ನು ಎರಡು ಅಂಗುಲ ತಗ್ಗಿಸಿಕೊಡಿ ಎಂದು ಕೇಳುವುದುಂಟು. ಅಮೆರಿಕದ ಹಳೆಯ ಪಿಕಪ್ಪುಗಳನ್ನು ನೋಡಿ ಹುಟ್ಟಿದ ಆಸೆ ಕೆಲವರದು. "ಗಾಡಿ ಮೂಗೆತ್ತಿಕೊಂಡು ನಿಂತಿದೆ" ಎಂಬ ದೂರು ಹಲವರದು. ಆಸೆ ಅವರವರ ರುಚಿಗೆ ಬಿಟ್ಟದ್ದು. ದೂರನ್ನು ಮಾತ್ರ ಪರೀಕ್ಷಿಸಿ ನೋಡಬೇಕು, ಏಕೆಂದರೆ ದುಡಿಯುವ ಜೀಪಿನಲ್ಲಿ ಮೂಗು ಎದ್ದಿರುವುದಿಲ್ಲ, ಬಹುಮಟ್ಟಿಗೆ ಬಾಲ ಕುಸಿದಿರುತ್ತದೆ.

ಪರೀಕ್ಷೆಗೆ ಯಂತ್ರವೇನೂ ಬೇಡ. ಕಾಫಿ ಒಣಗಿಸುವ ಸಿಮೆಂಟಿನ ಕಣ ಸಾಕು. ಮೊದಲು ನಾಲ್ಕೂ ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿ, ಖಾಲಿ ಜೀಪನ್ನು ಕಣದಲ್ಲಿ ನಿಲ್ಲಿಸಿ, ನೆಲದಿಂದ ಚಾಸಿಯ ತಳಕ್ಕೆ ನಾಲ್ಕು ಮೂಲೆಗಳಲ್ಲಿ ಅಳೆಯಬೇಕು. ನೀರು ಹರಿಯಲೆಂದು ಕಣಕ್ಕೆ ತುಸು ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ಗಾಡಿಯನ್ನು ತಿರುಗಿಸಿ ನಿಲ್ಲಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು. ಆಮೇಲೆ ಚೀಲ ಹೇರಿ ಅಳೆಯಿರಿ. ಹಿಂದಿನ ಆಕ್ಸಲ್ಲು ಚಾಸಿಯ ರಬ್ಬರ್ ತಡೆಗೆ ತಾಗುವಷ್ಟು ಹತ್ತಿರ ಬಂದರೆ ರೋಗ ಎಲ್ಲಿದೆಯೆಂದು ಗೊತ್ತಾಗುತ್ತದೆ.

ಚೀಲ ಹೇರುವ ರೀತಿಯದೂ ಇದರಲ್ಲಿ ಪಾಲಿದೆ. ಸಿಜೆ 3ಬಿಯ ಎರಡು ಆಕ್ಸಲ್ಲುಗಳ ನಡುವಿನ ಅಂತರ 80 ಅಂಗುಲ ಮಾತ್ರ. 50 ಕಿಲೋದ ಆರು ಚೀಲಗಳ ಭಾರದ ಮಧ್ಯಬಿಂದು ಹಿಂದಿನ ಆಕ್ಸಲ್ಲಿನಿಂದ 10 ಅಂಗುಲ ಆಚೆಗೆ ಬಿದ್ದಿದೆಯೆಂದು ಭಾವಿಸೋಣ. 300 ಕಿಲೋವನ್ನು 10ರಿಂದ ಗುಣಿಸಿ 80ರಿಂದ ಭಾಗಿಸಿದರೆ ಮೂವತ್ತೇಳೂವರೆ. ಹಿಂಭಾಗ ಮುನ್ನೂರರ ಬದಲು ಮುನ್ನೂರ ಮೂವತ್ತೇಳೂವರೆ ಕಿಲೋ ಹೊರುತ್ತದೆ, ಮುಂದಿನ ಗಾಲಿಗಳ ಮೇಲಿನ ಭಾರ ಮೂವತ್ತೇಳೂವರೆ ಕಿಲೋ ಕಡಿಮೆಯಾಗುತ್ತದೆ. ಏರಿನಲ್ಲಿ ಅದು ಇನ್ನೂ ಹಗುರ. ಏರು ಹತ್ತುವಾಗ ಸ್ಟೀರಿಂಗ್ ಹಿಡಿತ ತಪ್ಪಿದಂತಾಗಲು ಇದೇ ಕಾರಣ. ಮುಂಭಾಗವನ್ನು ತಗ್ಗಿಸಿದರೆ ಈ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಚೀಲಗಳನ್ನು ಸೀಟಿನ ಬೆನ್ನಿಗೆ ಒತ್ತಿ ಜೋಡಿಸಿದರೆ ಬದಲಾಗುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಇನ್ನು ತಗ್ಗಿಸುವ ವಿಧಾನಗಳನ್ನು ನೋಡೋಣ. ಗ್ಯಾರೇಜಿನಲ್ಲಿ ಸುಲಭವಾಗಿ ಮಾಡುವುದೆಂದರೆ ಮುಂದಿನ ಕಮಾನು ಕಟ್ಟಿನಿಂದ ಒಂದೆರಡು ಪಟ್ಟಿಗಳನ್ನು ಕಳಚುವುದು. ಜೀಪಿನಲ್ಲಿ ಕಮಾನು ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದೂ ಬ್ರೇಕಿನ ತಿರುಚನ್ನು ತಡೆಯುವುದೂ ಅದೇ. ಪಟ್ಟಿ ಕಡಿಮೆಯಾದರೆ ಉಳಿದವುಗಳ ಮೇಲೆ ಒತ್ತಡ ಹೆಚ್ಚಿ, ಬ್ರೇಕು ಹಾಕಿದಾಗ ಕಟ್ಟು ಹಾವಿನಂತೆ ಬಳುಕುತ್ತದೆ. ಪಟ್ಟಿಯನ್ನು ಗ್ಯಾಸಿನ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವುದು ಇನ್ನೂ ಕೆಟ್ಟದ್ದು. ಉಕ್ಕಿನ ಹದ ಹೋಗಿ ಒಂದು ದಿನ ಇಳಿಜಾರಿನಲ್ಲಿ ಮುರಿಯುತ್ತದೆ. ಮೂರನೆಯದು ಆಕ್ಸಲ್ಲಿಗೂ ಕಮಾನಿಗೂ ನಡುವೆ ಕಬ್ಬಿಣದ ತುಂಡು ಇಡುವುದು. ಈ ಜೀಪುಗಳಲ್ಲಿ ಕಮಾನು ಆಕ್ಸಲ್ಲಿನ ಕೆಳಗಿರುವುದರಿಂದ ಚಾಸಿ ತಗ್ಗುತ್ತದೆ ನಿಜ. ಜೊತೆಗೆ ಯು ಬೋಲ್ಟಿನ ತಟ್ಟೆಯೂ ಅಷ್ಟೇ ಕೆಳಗಿಳಿದು, ಚಕ್ರದ ಹೊಂಡದ ನಡುವಿನ ದಿಬ್ಬಕ್ಕೂ ಕಲ್ಲಿಗೂ ಬಡಿಯುತ್ತದೆ.

ಅಮೆರಿಕದ ಪಿಕಪ್ಪಿನ ಮಾತು ಬೇರೆ. 1963ರಿಂದ 1972ರವರೆಗಿನ ಷೆವರ್ಲೆ ಸಿ10 ಗಾಡಿಗಳಲ್ಲಿ ಮುಂದಿನ ಎರಡು ಗಾಲಿಗಳಿಗೂ ಪ್ರತ್ಯೇಕ ಸುರುಳಿ ಸ್ಪ್ರಿಂಗು ಇದೆ. ಅಲ್ಲಿ ಗಾಲಿಯ ಸ್ಪಿಂಡಲ್ಲನ್ನೇ ಎತ್ತರದಲ್ಲಿ ಕೂರಿಸಿದ ಬಿಡಿಭಾಗ ಹಾಕಿದರೆ ಸ್ಪ್ರಿಂಗಿನ ಓಟ ಕಡಿಮೆಯಾಗದೆ ಗಾಡಿ ತಗ್ಗುತ್ತದೆ. ಒಂದೇ ಗಟ್ಟಿ ಆಕ್ಸಲ್ಲಿನ ಜೀಪಿಗೆ ಆ ಅನುಕೂಲವಿಲ್ಲ. ತಗ್ಗಿದ ಪ್ರತಿ ಅಂಗುಲವೂ ಸ್ಪ್ರಿಂಗಿನ ಓಟದಿಂದಲೇ ಕಳೆದದ್ದು. ಮಳೆಗಾಲ ಕೊರೆದ ತೋಟದ ದಾರಿಯಲ್ಲಿ ಚೀಲ ಹೇರಿಕೊಂಡು ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಬೇಕಾಗುವುದು ಆಗಲೇ ಈ ಓಟ.

ಸ್ಟೀರಿಂಗಿನ ಮೇಲೂ ಪರಿಣಾಮವಿದೆ. ಬೈಸಿಕಲ್ಲಿನ ಮುಂದಿನ ಕವೆ ಹಿಂದಕ್ಕೆ ವಾಲಿರುವಂತೆ ಜೀಪಿನ ಕಿಂಗ್‌ಪಿನ್ನೂ ಸುಮಾರು 3 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಕೈ ಸಡಿಲಿಸಿದರೂ ಗಾಡಿ ನೆಟ್ಟಗೆ ಹೋಗುವುದು ಇದರಿಂದ. 80 ಅಂಗುಲದ ಗಾಡಿಯ ಮುಂಭಾಗ 2 ಅಂಗುಲ ತಗ್ಗಿದರೆ ಸುಮಾರು ಒಂದೂವರೆ ಡಿಗ್ರಿ, ಅಂದರೆ ಅರ್ಧದಷ್ಟು ವಾಲು ಹೋಗುತ್ತದೆ. ಮಡಿಕೇರಿ–ಮೈಸೂರು ರಸ್ತೆಯ ವೇಗದಲ್ಲಿ ಗಾಡಿ ಅಲೆಯತೊಡಗುತ್ತದೆ.

ಕಾನೂನನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ತೀರ್ಪಿತ್ತಿತು.

ಹಾಗಾದರೆ ಮಾಡಬೇಕಾದ್ದೇನು? ಹಿಂದಿನ ಕಮಾನುಗಳನ್ನು ಬಿಚ್ಚಿಸಿ, ಸೀಳಿದ ಪಟ್ಟಿ, ಸವೆದ ಷ್ಯಾಕಲ್ಲು, ಮುರಿದ ಮಧ್ಯದ ಬೋಲ್ಟು ಇವೆಯೇ ನೋಡಿಸಬೇಕು. ಕಮಾನಿನ ಕೆಲಸವನ್ನೇ ಮಾಡುವವರಲ್ಲಿ ಬಾಗು ತುಂಬಿಸಿ ಹದ ಕೊಡಿಸಬೇಕು, ಇಲ್ಲವೆ ಹೊಸದನ್ನೇ ಹಾಕಿಸಬೇಕು. ಒಂದೇ ಕಡೆಯದನ್ನು ಬದಲಿಸಿದರೆ ಗಾಡಿ ವಾಲುತ್ತದೆ, ಎರಡೂ ಕಡೆ ಆಗಬೇಕು. ಹೆಚ್ಚುವರಿ ಪಟ್ಟಿ ಸೇರಿಸುವ ಚಪಲ ಬೇಡ. ಖಾಲಿ ಓಡುವಾಗ ಅದು ಬೆನ್ನು ಮುರಿಯುತ್ತದೆ. ಯು ಬೋಲ್ಟುಗಳು ಹೊಸವಾಗಿರಲಿ. ಭಾರವೆಲ್ಲ ಗಾಲಿಗಳ ಮೇಲೆ ನಿಂತ ಮೇಲೆ ಅವನ್ನು ಪೂರ್ತಿ ಬಿಗಿಗೊಳಿಸಿ, ಒಂದು ವಾರ ಓಡಿಸಿ ಮತ್ತೆ ಬಿಗಿಗೊಳಿಸಬೇಕು.

ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಆರಂಭವಾಗುವುದರಿಂದ ಈ ಕೆಲಸವನ್ನು ಅಕ್ಟೋಬರಿನಲ್ಲಿ ಮುಗಿಸಿಕೊಳ್ಳುವುದು ಅನುಕೂಲ. ದುರಸ್ತಿಯಾದ ಗಾಡಿಯನ್ನು ಕಣದಲ್ಲಿ ಮತ್ತೆ ಅಳೆದು ನಾಲ್ಕು ಅಂಕಿಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟರೆ, ರೊಬಸ್ಟಾ ಕೊಯ್ಲು ಮುಗಿದ ಮಾರ್ಚಿಯಲ್ಲಿ ಎಷ್ಟು ಕುಸಿದಿದೆಯೆಂದು ಹೋಲಿಸಿ ನೋಡಬಹುದು.